ಮರ್ವಾಯಿಗೆ ಇಟ್ಟ ದೇವಿಯ ಹೆಸರು

ಸಂಬಂಧ ಮಾತಾಡಲು ಹೋದ ಮನೆಯಲ್ಲಿ ಹುಡುಗಿ ವಾಂತಿ ಮಾಡಿಕೊಳ್ಳಬಾರದು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹೇಳಿಕೊಡಬೇಕಾದ ಮಾತೂ ಅಲ್ಲ. ಆದರೂ ಬೆಳುವಾಯಿಯ ಸಾತ್ವಿಕಾ ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ, ಬಂಟ್ವಾಳದಲ್ಲಿ, ಎರಡೂ ಕಡೆಯ ಹಿರಿಯರು ಸಾಲಾಗಿ ಊಟಕ್ಕೆ ಕೂತಿದ್ದಾಗ ಅದನ್ನೇ ಮಾಡಿದಳು.

ತಪ್ಪು ಯಾರದು ಅಂತ ಕೇಳಿದರೆ ಅವಳು ಬೆರಳು ತೋರಿಸುವುದು ಮರ್ವಾಯಿಯ ಕಡೆಗೆ. ಹೊಳೆ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ, ಎರಡು ಚಿಪ್ಪಿನ ನಡುವೆ ಲೊಳಲೊಳ ಕೂತಿರುವ ಆ ಜೀವಿ ಅಂದರೆ ಕರಾವಳಿಯವರು ಪ್ರಾಣ ಬಿಡುತ್ತಾರೆ. ಸಾತ್ವಿಕಾ ಅದರ ಮೇಲೆ ನಾಲ್ಕು ವರ್ಷ ಪಿಎಚ್‌ಡಿ ಮಾಡಿದವಳು. ಬೆಳಿಗ್ಗೆ ಕುಯ್ದು, ಮಧ್ಯಾಹ್ನ ತೂಗಿ, ಸಂಜೆ ಕೊಳೆತದ್ದನ್ನು ಬಕೆಟ್ಟಿನಲ್ಲಿ ಹೊತ್ತು ಸುರಿದವಳು. ಒಂದು ಸಲ ಲ್ಯಾಬಿನ ಫ್ರಿಜ್ಜು ಕೆಟ್ಟು, ರಜೆ ಮುಗಿಸಿ ಬಂದು ಬಾಗಿಲು ತೆರೆದಾಗ ಒಳಗೆ ಆರುನೂರು ಮರ್ವಾಯಿ ಕರಗಿ ನೀರಾಗಿ ಅವಳ ಚಪ್ಪಲಿಯ ಮೇಲೆ ಇಳಿದಿತ್ತು. ಥೂ! ಆ ದಿನದಿಂದ ಆ ವಾಸನೆ ಒಂದು ಎಳೆ ಮೂಗಿಗೆ ಬಿದ್ದರೂ ಸಾಕು, ಹೊಟ್ಟೆ ಬುಡಮೇಲಾಗುತ್ತದೆ. ಈಗ ಮೂಡಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುವಾಗಲೂ ಮರ್ವಾಯಿಯ ಅಧ್ಯಾಯ ಬಂದರೆ ಕಿಟಕಿಯ ಹತ್ತಿರ ನಿಂತೇ ಮಾಡುತ್ತಾಳೆ.

ಇಂಥವಳನ್ನು ಕರೆದುಕೊಂಡು ಹೋದದ್ದು ಎಲ್ಲಿಗೆ? ಮರ್ವಾಯಿಗೇ ಹೆಸರಾದ ಹೋಟೆಲಿಗೆ. ‘ಸರಸಕ್ಕನ ಮೀನೂಟ’ ಅಂದರೆ ಬಂಟ್ವಾಳದಲ್ಲಿ ಗೊತ್ತಿಲ್ಲದವರಿಲ್ಲ. ಗಂಡ ತೀರಿಕೊಂಡ ಮೇಲೆ ಸರಸಕ್ಕ ನಾಲ್ಕು ಬೆಂಚು ಹಾಕಿ ಶುರು ಮಾಡಿದ್ದು, ಈಗ ಮಗ ಶ್ರವಣ್ ನಡೆಸುತ್ತಾನೆ. ಹೋಟೆಲಿನ ಹಿಂದೆಯೇ ಮನೆ. ಸಾತ್ವಿಕಾಳ ಸೋದರಮಾವ ಶೀನಪ್ಪ ಶೆಟ್ಟರು, “ಹುಡುಗಿಯನ್ನು ಕೂರಿಸಿ ಚಾ ಕೊಡಿಸುವ ಕಾಲ ಎಲ್ಲ ಹೋಯ್ತು. ಒಟ್ಟಿಗೆ ಹೋಗುವ, ಒಂದು ಊಟ ಮಾಡುವ, ಅವರವರು ಮಾತಾಡಿಕೊಳ್ಳಲಿ” ಅಂದಿದ್ದರು. ಬಂಟರ ಮನೆಯಲ್ಲಿ ಮಾಮ ಹೇಳಿದ ಮೇಲೆ ಮುಗಿಯಿತು.

ಸರಸಕ್ಕ ನೆಂಟರಿಗೆಂದು ತಮ್ಮ ಕೈಯಾರೆ ಮರ್ವಾಯಿ ಪುಂಡಿ ಮಾಡಿದ್ದರು. ಅಕ್ಕಿಯ ಸಣ್ಣ ಸಣ್ಣ ಉಂಡೆ, ಕೆಂಪು ಮಸಾಲೆ, ನಡುನಡುವೆ ಬಾಯಿ ತೆರೆದ ಚಿಪ್ಪು. ಬಡಿಸಲು ಬಂದವನು ಶ್ರವಣ್. ಎತ್ತರದ ಆಳು, ತೋಳು ಮಡಚಿದ ಬಿಳಿ ಅಂಗಿ, ಎಡಹುಬ್ಬನ್ನು ಸೀಳಿದ ಒಂದು ಹಳೆಯ ಗಾಯ. ಸಾತ್ವಿಕಾ ತಲೆಯೆತ್ತಿ ಆ ಹುಬ್ಬನ್ನು ನೋಡಿದಳು, ಅವಳು ನೋಡಿದ್ದನ್ನು ನೋಡಿ ಅವನು ಸೌಟು ಹಿಡಿದೇ ನಿಂತ. ಚಂದವೇ ಇತ್ತು ಆ ಗಳಿಗೆ. ಅಷ್ಟರಲ್ಲಿ ಅವನು ಬಾಗಿ ಅವಳ ಎಲೆಗೆ ಬಡಿಸಿದ, ಹಬೆ ಮೇಲೆದ್ದು ಮೂಗಿಗೆ ಬಡಿಯಿತು. ಅವಳು ಬಾಯಿಗೆ ಕೈ ಒತ್ತಿ ಎದ್ದು ಹಿತ್ತಲಿಗೆ ಓಡಿದಳು.

ತೆಂಗಿನ ಬುಡದಲ್ಲಿ ಎಲ್ಲ ಹೊರಗೆ ಬಂತು. ಬೆಳಗಿನ ನೀರುದೋಸೆ ಸಹಿತ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮಾಮ ಆರಿಸಿದ ಮೈಸೂರು ಸಿಲ್ಕಿನ ಸೆರಗಿನ ಮೇಲೆ ಇನ್ನೇನೋ. ಮದುವೆ ಹೋಗಲಿ, ಭೂಮಿ ಬಾಯಿ ಬಿಟ್ಟರೆ ಸಾಕಿತ್ತು ಅವಳಿಗೆ.

“ನೀರು.”

ಶ್ರವಣ್ ಚೊಂಬನ್ನು ಅವಳ ಪಕ್ಕದ ಕಲ್ಲಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತ. ಅವಳು ಬಾಯಿ ಮುಕ್ಕಳಿಸುವಷ್ಟು ಹೊತ್ತೂ ಬೇರೆ ಕಡೆ ನೋಡುತ್ತಿದ್ದ. ಎಂತ ಆಯ್ತು, ಏನಾಯ್ತು ಅಂತ ಒಂದು ಮಾತಿಲ್ಲ. ಅದು ಅವಳಿಗೆ ಹಿಡಿಸಿತು.

“ಹತ್ತು ವರ್ಷದಿಂದ ಹೋಟೆಲು ನಡೆಸ್ತಿದ್ದೇನೆ,” ಎಂದ ಅವನು ಕೊನೆಗೆ. “ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟವರೂ ಇದ್ದಾರೆ. ಇಂಥ ರಿವ್ಯೂ ಮಾತ್ರ ಇದೇ ಮೊದಲು.”

ಅವಳಿಗೆ ನಗು ಬಂತು. ನಗುವ ಸ್ಥಿತಿಯಲ್ಲಿರಲಿಲ್ಲ, ಆದರೂ ಬಂತು.

“ನಿಮ್ಮ ಅಮ್ಮನ ಅಡುಗೆಯಿಂದ ಅಲ್ಲ. ಅದು... ಪಾಫಿಯಾ.”

“ಯಾರದು?”

“ಮರ್ವಾಯಿ. ಪಾಫಿಯಾ ಮಲಬಾರಿಕಾ. ಅದರ ಲ್ಯಾಟಿನ್ ಹೆಸರು. ನಾಲ್ಕು ವರ್ಷ ಕುಯ್ದಿದ್ದೇನೆ ಮಾರಾಯ್ರೆ, ಸಾವಿರಗಟ್ಟಲೆ. ಈಗ ವಾಸನೆ ಬಂದ್ರೆ ಆಗುವುದಿಲ್ಲ.”

“ಮಲಬಾರಿಕಾ ಅಂದ್ರೆ ಮಲಬಾರಿನದ್ದು. ಅಷ್ಟು ಗೊತ್ತಾಯ್ತು. ಪಾಫಿಯಾ ಅಂದ್ರೆ?”

“ಪಾಫೋಸ್ ಅಂತ ಗ್ರೀಕರ ಒಂದು ಹಳೇ ಊರು, ಸೈಪ್ರಸ್ ದ್ವೀಪದಲ್ಲಿ. ಪ್ರೇಮದೇವತೆ ಸಮುದ್ರದ ನೊರೆಯಲ್ಲಿ ಹುಟ್ಟಿ ಆ ಊರಿನ ದಂಡೆಗೆ ಬಂದಳು ಅಂತ ಕತೆ. ಪಾಫಿಯಾ ಅಂದ್ರೆ ಪಾಫೋಸಿನವಳು. ದೇವಿಯದ್ದೇ ಹೆಸರು ಅದು.”

“ಪ್ರೇಮದೇವತೆ,” ಎಂದು ಶ್ರವಣ್ ತೆಂಗಿನ ಬುಡವನ್ನೊಮ್ಮೆ ನೋಡಿದ. “ಹೌದೌದು. ಕಾಣ್ತಾ ಉಂಟು.”

ಈ ಸಲ ಇಬ್ಬರೂ ನಕ್ಕರು. ಅವನು ನಗುವಾಗ ಆ ಸೀಳಿದ ಹುಬ್ಬು ಮಾತ್ರ ಒಂದು ಕ್ಷಣ ತಡವಾಗಿ ಏರುತ್ತಿತ್ತು. ಸಾತ್ವಿಕಾ ಅದನ್ನು ಎರಡು ಸಲ ಗಮನಿಸಿದಳು, ಮೂರನೆಯ ಸಲಕ್ಕೆ ಸುಮ್ಮನೆ ಕಾದಳು.

“ಯಾವ ಊರಿನ ಹೆಸರಿನಿಂದಲೂ ಹಾಗೆ ಮಾಡ್ಲಿಕ್ಕೆ ಆಗ್ತದಾ? ಬಂಟ್ವಾಳದ್ದು ಅಂದ್ರೆ?”

“ಬಂಟ್ವಾಲೆನ್ಸಿಸ್.”

“ಅಯ್ಯೊ, ಜ್ವರದ ಮಾತ್ರೆಯ ಹಾಗೆ ಉಂಟು. ಬೆಳುವಾಯಿ?”

“ಬೆಳುವಾಯೆನ್ಸಿಸ್.”

“ಅದು ಚಂದ ಉಂಟು,” ಎಂದ ಅವನು. ಹೇಳುವಾಗ ಕಣ್ಣು ಅವಳ ಒದ್ದೆ ಕೆನ್ನೆಯ ಮೇಲೆ ನಿಂತು, ಅಲ್ಲಿಂದ ಗಾಬರಿಯಾಗಿ ತೆಂಗಿನ ಮರ ಹತ್ತಿತು. ಮುಖ ತೊಳೆಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತನ್ನು ಸಾತ್ವಿಕಾ ತೆಗೆದುಕೊಂಡಳು.

ಅಡುಗೆಮನೆಯ ಕಿಟಕಿಯಲ್ಲಿ ಒಂದು ಮುಖ ಇತ್ತು. ಶ್ರವಣನ ಅತ್ತೆ, ಅವನ ತಂದೆಯ ತಂಗಿ, ಗುರುವಾಯನಕೆರೆಯಿಂದ ಬಂದವರು. ಸಾತ್ವಿಕಾ ಒಳಗೆ ಬಂದದ್ದೇ ಅವರು ಅವಳ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು.

“ಎಷ್ಟು ಸಮಯದಿಂದ ಉಂಟು ಮಗಾ ಇದು?”

ಮನಸ್ಸಿನಲ್ಲಿ ಇನ್ನೂ ಆ ಹುಬ್ಬೇ ಇದ್ದ ಸಾತ್ವಿಕಾ, “ಆಯ್ತು, ಐದಾರು ವರ್ಷ,” ಎಂದುಬಿಟ್ಟಳು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇರುತ್ತಾರೆ. ಅತ್ತೆ ಅಷ್ಟಕ್ಕೇ ನಿಲ್ಲುವವರಲ್ಲ, ಕರುವಿಗೆ ಹೆಸರೂ ಇಟ್ಟು ಬರುವವರು. ಅವರು ಕೂಡಲೇ ಏನೂ ಅನ್ನಲಿಲ್ಲ. ಪಾಯಸ ಕುಡಿದರು, ವೀಳ್ಯ ಹಾಕಿಕೊಂಡರು, ನಗುನಗುತ್ತ ಬೆಳುವಾಯಿಯವರನ್ನು ಕಾರು ಹತ್ತಿಸಿದರು. ಸಂಜೆ ಏಳಕ್ಕೆ ಶೀನಪ್ಪ ಶೆಟ್ಟರಿಗೆ ಗುರುವಾಯನಕೆರೆಯಿಂದ ಫೋನು.

“ತಪ್ಪು ತಿಳಿಯಬೇಡಿ ಶೆಟ್ರೆ. ನಮ್ಮದು ಮರ್ಯಾದೆಯ ಮನೆ. ಒಂದು ಟೆಸ್ಟು ಮಾಡಿಸಿ ಚೀಟಿ ಕೊಟ್ರೆ ಮುಂದೆ ಮಾತಾಡ್ಲಿಕ್ಕೆ ನಮಗೂ ಧೈರ್ಯ ಅಲ್ವಾ?”

ಮಾಮ ಫೋನನ್ನು ಸೋಫಾಕ್ಕೆ ಎಸೆದರು. “ನಮ್ಮ ಹುಡುಗಿಗೆ ಸರ್ಟಿಫಿಕೇಟು ಬೇಕಂತೆ! ದನ ಮಾರ್ಲಿಕ್ಕೆ ಹೋದದ್ದಾ ನಾವು? ಆ ಬಂಟ್ವಾಳದ ಮಾತು ಇನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು.”

ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಮಾಮ ಹೋದ ಮೇಲೆ ಅಮ್ಮ ಬಂದು ಮಂಚದ ತುದಿಯಲ್ಲಿ ಕೂತು, ಬಟ್ಟೆ ಮಡಚುತ್ತ, ಬಹಳ ಮೆಲ್ಲಗೆ ಕೇಳಿದರು: “ಏನಾದ್ರೂ ಇದ್ರೆ ನನಗಾದ್ರೂ ಹೇಳು ಮಗಾ.”

ಸಾತ್ವಿಕಾಳಿಗೆ ಫ್ರಿಜ್ಜು ತೆರೆದ ದಿನಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಹೆತ್ತವಳೇ! ಮೂವತ್ತಕ್ಕೆ ಒಂದು ಕಡಿಮೆ, ಹೆಸರಿನ ಹಿಂದೆ ಡಾಕ್ಟರ್, ನೂರಿಪ್ಪತ್ತು ಮಕ್ಕಳಿಗೆ ಪಾಠ. ಇಷ್ಟೆಲ್ಲ ಇದ್ದೂ ಒಂದು ವಾಂತಿಯ ಮುಂದೆ ಯಾವುದೂ ಲೆಕ್ಕಕ್ಕಿಲ್ಲ. ಅತ್ತೆಯ ನಾಲಗೆ ಹೇಸಿಗೆ, ಮಾಮನ ಮರ್ಯಾದೆ ಹೇಸಿಗೆ, ಅಮ್ಮನ ಆ ಮೆಲುದನಿ ಎಲ್ಲಕ್ಕಿಂತ ಹೇಸಿಗೆ. ಇಷ್ಟರ ನಡುವೆ, ಮರ್ವಾಯಿ ನಾರುವ ಆ ಹಿತ್ತಲಿನಲ್ಲಿ ಒಬ್ಬ ನಕ್ಕದ್ದನ್ನು ತಾನು ಮತ್ತೆ ಮತ್ತೆ ನೆನಪು ಮಾಡಿಕೊಳ್ಳುತ್ತಿದ್ದೇನಲ್ಲ ಎಂದು ತನ್ನ ಮೇಲೂ ಹೇಸಿಗೆ. ಬೇಕಾದದ್ದು ಅವನೇ. ಎರಡು ದಿನ ಒಳಗೊಳಗೆ ಜಗಳಾಡಿ ಅಷ್ಟನ್ನು ಅವಳು ಒಪ್ಪಿಕೊಂಡಳು.

ಬುಧವಾರ ಮಧ್ಯಾಹ್ನ ಅವನು ಕಾಲೇಜಿಗೆ ಬಂದ.

ಸಾತ್ವಿಕಾ ಲ್ಯಾಬಿನಲ್ಲಿ ಹಳೆಯ ಗಾಜಿನ ಜಾಡಿಗಳ ಫಾರ್ಮಲಿನ್ ಬದಲಿಸುತ್ತಿದ್ದಳು. ಬಿಳಿಚಿದ ಹಲ್ಲಿ, ಸುರುಳಿ ಸುತ್ತಿದ ಹಾವು, ಎಲ್ಲದರ ಮೇಲೂ ಒಂದೊಂದು ಲ್ಯಾಟಿನ್ ಚೀಟಿ. ಬಾಗಿಲಲ್ಲಿ ಶ್ರವಣ್ ನಿಂತಿದ್ದ. ಇಸ್ತ್ರಿ ಅಂಗಿ, ಬಾಚಿದ ತಲೆ. ಒಳಗೆ ಬಂದವನು ನೇರ ಕಿಟಕಿಯ ಹತ್ತಿರ ಹೋಗಿ, ಅದನ್ನು ಪೂರ್ತಿ ತೆರೆದು, ಅಲ್ಲೇ ನಿಂತುಕೊಂಡ.

“ಸೆಂಟು ಹಾಕಿದ್ದೀರಾ?” ಎಂದಳು ಸಾತ್ವಿಕಾ. ಫಾರ್ಮಲಿನ್ನಿನ ಘಾಟನ್ನೂ ಸೀಳಿಕೊಂಡು ಬರುತ್ತಿತ್ತು.

“ಸ್ವಲ್ಪ.”

“ಅರ್ಧ ಬಾಟಲಿ ಸ್ವಲ್ಪವಾ?”

ಅವನು ನಗಲಿಲ್ಲ. “ಅತ್ತೆ ಮಾತಾಡಿದ್ದಕ್ಕೆ ಕ್ಷಮೆ ಕೇಳ್ಲಿಕ್ಕೆ ಬಂದೆ. ನನಗೆ ಗೊತ್ತಾದದ್ದೇ ನಿನ್ನೆ. ಅಮ್ಮ ಮೂರು ದಿನದಿಂದ ಒಂದು ಮಾತಾಡ್ತಾ ಇಲ್ಲ. ನಾನು ಅಂದ್ಕೊಂಡೆ ನೀವೇ ಬೇಡ ಅಂದಿರಿ ಅಂತ.” ಅದರ ಬೆನ್ನಿಗೇ, “ನಿಮ್ಮ ಪಾಫೋಸನ್ನು ಓದಿದೆ,” ಎಂದ.

“ಯಾವಾಗ?”

“ನಿದ್ದೆ ಬರ್ಲಿಲ್ಲ, ಓದಿದೆ. ಆ ದೇವಿಗೆ ಅಲ್ಲಿ ಮೂರ್ತಿ ಇರ್ಲಿಲ್ಲವಂತೆ. ಮುಖ ಇಲ್ಲ, ಕೈಕಾಲಿಲ್ಲ, ಒಂದು ಕಪ್ಪು ಕಲ್ಲು ಮಾತ್ರ. ಅದನ್ನೇ ಪೂಜೆ ಮಾಡ್ತಿದ್ದರಂತೆ. ನಾವೂ ದೈವದ ಕಲ್ಲಿಗೆ ಕೈ ಮುಗಿಯುವವರಲ್ವಾ, ನಮ್ಮ ಊರಿನವರೇ ಅಂತ ಆಯ್ತು ನನಗೆ.” ಈಗ ಸ್ವಲ್ಪ ನಕ್ಕ. “ಒಂದು ಊರಿನ ಹೆಸರು, ಎಷ್ಟು ಕಡೆ ಅಂಟಿಸಿದ್ದಾರೆ ಮಾರಾಯ್ರೆ! ಒಂದು ಜಾತಿಯ ಆರ್ಕಿಡ್ ಹೂವಿಗೆ ಪಾಫೋಸಿನವಳ ಚಪ್ಪಲಿ ಅಂತ ಹೆಸರಂತೆ. ಚಿಪ್ಪಿಗೆ ಅದೇ ಹೆಸರು. ಲ್ಯಾಟಿನ್ ಕವಿಗಳಿಗೆ ಪಾಫೋಸಿನದ್ದು ಅಂದ್ರೆ ಪ್ರೀತಿಯದ್ದು. ಮತ್ತೆ ಹಳೇ ಇಂಗ್ಲಿಷಿನಲ್ಲಿ...” ಅಲ್ಲಿಗೆ ನಿಲ್ಲಿಸಿದ.

“ಹೇಳಿ. ನನಗೆ ಗೊತ್ತುಂಟು. ಪಾಫೋಸಿನವಳು ಅಂದ್ರೆ ಕೆಟ್ಟ ಹೆಂಗಸು.”

“ಹೌದು.”

“ದೇವಿ ಅಂತ ಕೈ ಮುಗಿದದ್ದೂ ಅದೇ ಹೆಸರು, ಬೈದದ್ದೂ ಅದೇ ಹೆಸರು. ನಿಮ್ಮ ಅತ್ತೆಯಂಥವರು ಎಲ್ಲ ಊರಲ್ಲಿಯೂ ಇರ್ತಾರೆ.” ಸಾತ್ವಿಕಾ ಜಾಡಿಯ ಮುಚ್ಚಳವನ್ನು ಬೇಕಾದದ್ದಕ್ಕಿಂತ ಜೋರಾಗಿ ತಿರುಗಿಸಿದಳು. “ಅಷ್ಟಕ್ಕೂ ಆ ಹೆಸರೇ ಈಗ ಇಲ್ಲ. ಮರ್ವಾಯಿಯನ್ನು ಬೇರೆ ಗುಂಪಿಗೆ ಹಾಕಿದ್ದಾರೆ, ಪ್ರೋಟೇಪಿಸ್ ಅಂತ. ನಾಲ್ಕು ವರ್ಷ ಕುಯ್ದು, ಬರೆದು, ಬೈಂಡು ಮಾಡಿಸಿ ಕೊಟ್ಟ ಮೇಲೆ ವೈವಾಕ್ಕೆ ಬಂದವರು ಹೇಳಿದರು, ‘ಹೆಸರು ಹಳೇದಾಯ್ತಲ್ಲಮ್ಮ’ ಅಂತ.”

“ಹೆಸರು ಹೋಯ್ತು. ವಾಸನೆ ಹೋಗ್ಲಿಲ್ಲ.”

“ಅದೇ.”

 ಶ್ರವಣ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಕಿಟಕಿ ತೆರೆದಾಗಿನಿಂದಲೂ ಹಾಗೇ.

“ನಿಜವಾಗಿ ಕೇಳ್ಲಿಕ್ಕೆ ಬಂದದ್ದು ಬೇರೆ,” ಎಂದ. ದನಿ ಇಳಿದಿತ್ತು. “ಆವತ್ತು ನಾನು ಬಗ್ಗಿದ ಕೂಡ್ಲೇ ನೀವು ಎದ್ದದ್ದು. ಮರ್ವಾಯಿಯಿಂದಲಾ, ನನ್ನಿಂದಲಾ?”

ಸಾತ್ವಿಕಾಳಿಗೆ ಅರ್ಥವಾಗಲಿಲ್ಲ.

“ದಿನಾ ಬೆಳಿಗ್ಗೆ ಮರ್ವಾಯಿ ಮಾರುವ ಇದಿನಬ್ಬಾಕ ಗೋಣಿ ತಂದು ಹಾಕ್ತಾರೆ. ನಾನೇ ತೊಳೆಯುವುದು, ನಾನೇ ಬಿಡಿಸುವುದು. ಲಿಂಬೆ ಹಚ್ಚಿದ್ದೇನೆ, ಬೂದಿ ಹಚ್ಚಿದ್ದೇನೆ, ಡೆಟ್ಟಾಲ್ ಕೂಡ. ಹೋಗುವುದಿಲ್ಲ. ಹೋದ ವರ್ಷ ಒಂದು ಹುಡುಗಿ ನನ್ನ ಒಟ್ಟಿಗೆ ಹತ್ತು ನಿಮಿಷ ಕಾರಲ್ಲಿ ಕೂತು ಗ್ಲಾಸು ಇಳಿಸಿದಳು. ಅದರ ಹಿಂದಿನವಳು ನೇರ ಹೇಳಿದಳು, ಮೀನಂಗಡಿಯನ್ನು ಮದುವೆ ಆಗ್ಲಿಕ್ಕೆ ಆಗುವುದಿಲ್ಲ ಅಂತ. ನಿಮ್ಮ ವಾಂತಿ ಮೂರನೆಯದ್ದು.” ಅವನು ಕಿಟಕಿಯ ಹೊರಗೆ ನೋಡಿದ. “ಅದಕ್ಕೆ ನಾನು ದೂರ ನಿಲ್ಲುವುದು.”

ಸೆಂಟು, ಕಿಟಕಿ, ನಾಲ್ಕು ಹೆಜ್ಜೆ ದೂರ, ಬೆನ್ನ ಹಿಂದಿನ ಕೈ. ಎಲ್ಲ ಒಟ್ಟಿಗೆ ಅವಳಿಗೆ ಅರ್ಥವಾಯಿತು. ತಾನು ಮರ್ಯಾದೆಯ ಸಂಕಟದಲ್ಲಿ ಮುಳುಗಿದ್ದ ಮೂರು ದಿನವೂ ಈ ಮನುಷ್ಯ ತನ್ನ ಚರ್ಮದ ಮೇಲೇ ಅಸಹ್ಯಪಟ್ಟುಕೊಂಡು ಕೂತಿದ್ದ. 

“ಮರ್ವಾಯಿಯಿಂದ ಮಾರಾಯ್ರೆ. ಮರ್ವಾಯಿಯಿಂದಲೇ.”

“ಹಾಗಾದ್ರೂ ಒಂದೇ ಆಯ್ತಲ್ಲ. ಮರ್ವಾಯಿ ಇಲ್ಲದ ದಿನ ನನಗೆ ಇಲ್ಲ.” ಅವನು ಕೈಗಡಿಯಾರ ನೋಡಿಕೊಂಡ, ಹೊರಡುವವನ ಹಾಗೆ. “ನೀವು ಸಂಕಟಪಡಬೇಡಿ. ಮನೆಯಲ್ಲಿ ನಾನೇ ಬೇಡ ಅಂದೆ ಅಂತ ಹೇಳ್ತೇನೆ.”

“ತಲೆ ಸರಿ ಉಂಟಾ ನಿಮಗೆ? ನೀವು ಬೇಡ ಅಂದ್ರೆ ಅತ್ತೆ ಹೇಳಿದ್ದೇ ನಿಜ ಅಂತ ಊರು ಹೇಳ್ತದೆ!”

“ಹಾಗಾದ್ರೆ ನೀವೇ ಬೇಡ ಅಂತ ಹೇಳಿ.”

“ನಾನು ಬೇಡ ಅಂತ ಹೇಳಿದ್ದೇನಾ?”

ಮಾತು ಬಾಯಿಂದ ಹೊರಟಾಗಿತ್ತು. ಸಾತ್ವಿಕಾ ಜಾಡಿಯ ಹಿಂದೆ ಮುಖ ಮರೆಸಿಕೊಂಡಳು, ಆದರೆ ಅದು ಗಾಜಿನ ಜಾಡಿ. ಹಲ್ಲಿಯ ಆಚೆಯಿಂದ ಅವನ ಹುಬ್ಬು ಮೆಲ್ಲಗೆ ಮೇಲೇರುವುದು ಕಾಣಿಸಿತು.

“ಇಲ್ಲ,” ಎಂದ ಶ್ರವಣ್. “ಹೇಳ್ಲಿಲ್ಲ.”

“ಹಾಂ. ಆದ್ರೆ ಬೇಕು ಅಂತಲೂ ಹೇಳ್ಲಿಕ್ಕೆ ನನಗೆ ಗೊತ್ತಾಗ್ತಾ ಇಲ್ಲ. ಸುಳ್ಳು ಯಾಕೆ ಹೇಳುವುದು? ನೀವು ನನಗೆ ಬೇಕು. ನಿಮ್ಮ ಮನೆಯ ಗಾಳಿ ಆಗುವುದಿಲ್ಲ. ದಿನಾ ವಾಕರಿಸಿಕೊಂಡು ಒಬ್ಬಳು ಸಂಸಾರ ಮಾಡ್ಲಿಕ್ಕೆ ಆಗ್ತದಾ ಅಂತ ನೋಡ್ಬೇಕು. ಸುಮ್ಮನೆ ಹೂಂ ಅಂದು ನಾಳೆ ನಿಮ್ಮನ್ನು ನಾಲ್ಕು ಹೆಜ್ಜೆ ದೂರ ನಿಲ್ಲಿಸುವವಳು ನಾನಲ್ಲ.”

ಗಂಟೆ ಹೊಡೆಯಿತು. ಮಕ್ಕಳ ಗದ್ದಲ ಬಾಗಿಲಿಗೆ ಬಂತು. ಶ್ರವಣ್ ಹೊರಗೆ ಹೋದ ಮೇಲೂ ಅವನ ಸೆಂಟು ಅರ್ಧ ಗಂಟೆ ಅಲ್ಲೇ ಇತ್ತು, ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶನಿವಾರ ಬೆಳಿಗ್ಗೆ ಸಾತ್ವಿಕಾ ಕಾಲೇಜಿಗೆ ರಜೆ ಹಾಕಿ, ಮಾಮನಿಗೂ ಹೇಳದೆ, ಸಿದ್ದಕಟ್ಟೆಯ ಮೇಲೆ ಬಂಟ್ವಾಳಕ್ಕೆ ಹೋಗುವ ಬಸ್ಸು ಹತ್ತಿದಳು. ಹೊಟ್ಟೆಗೆ ಏನೂ ಹಾಕಿಕೊಳ್ಳಲಿಲ್ಲ. ಹಾಕಿಕೊಂಡರೆ ಹೊರಗೆ ಬರುತ್ತದೆ ಎಂಬುದು ಗೊತ್ತಿದ್ದದ್ದೇ.

ಹೋಟೆಲಿನ ಹಿಂದಿನ ಜಗಲಿಯಲ್ಲಿ ಸರಸಕ್ಕ ಒಬ್ಬರೇ ಇದ್ದರು. ಶ್ರವಣ್ ತೆಂಗಿನಕಾಯಿ ತರಲು ಮಾಣಿ ಪೇಟೆಯ ಕಡೆಗೆ ಹೋಗಿದ್ದ. ಅವರ ಮುಂದೆ ದೊಡ್ಡ ಪಾತ್ರೆಯ ತುಂಬ ಬಾವಿನೀರು, ನೀರಿನ ತುಂಬ ಮರ್ವಾಯಿ, ಕಾಲಡಿಯಲ್ಲಿ ಈಳಿಗೆಯಂಥ ಮೆಟ್ಟುಕತ್ತಿ. ಕೆಸರು ಮತ್ತು ಉಪ್ಪು ಬೆರೆತ ಆ ವಾಸನೆ ಗೇಟಿನಲ್ಲಿಯೇ ಎದುರಾಯಿತು. ಸಾತ್ವಿಕಾ ಚೂಡಿದಾರದ ಶಾಲನ್ನು ಮೂಗಿಗೆ ಬಿಗಿದು ಕಟ್ಟಿಕೊಂಡು ಒಳಗೆ ನಡೆದಳು.

ಸರಸಕ್ಕ ತಲೆ ಎತ್ತಿ ನೋಡಿದರು. “ಮತ್ತೆ ಯಾಕೆ ಬಂದದ್ದು? ಕಕ್ಕಲಿಕ್ಕೆ ಮಿಕ್ಕದ್ದು ಉಂಟಾ?”

“ನಿಮ್ಮ ಹತ್ರ ಕ್ಷಮೆ ಕೇಳ್ಬೇಕು ಅಂತ.”

“ಇಪ್ಪತ್ತೆರಡು ವರ್ಷದಲ್ಲಿ ನನ್ನ ಅಡುಗೆಯ ವಾಸನೆಗೇ ಎದ್ದು ಓಡಿ ಕಕ್ಕಿದವಳು ನೀನೊಬ್ಬಳು,” ಎಂದರು ಸರಸಕ್ಕ. ಸಿಟ್ಟಿಗಿಂತ ನೋವೇ ಹೆಚ್ಚಿತ್ತು. “ಗಂಡ ಹೋದ ಮೇಲೆ ಈ ಪುಂಡಿ ಮಾರಿ ಮಗನನ್ನು ಓದಿಸಿದ್ದು ನಾನು. ಬಾಯಿಗೆ ಸಹ ಇಡ್ಲಿಲ್ಲ ನೀನು.”

ಅಷ್ಟು ದಿನ ಅವರು ಮಾತು ಬಿಟ್ಟದ್ದು ಇದಕ್ಕೆ! ಅತ್ತೆ ಹೊಟ್ಟೆಯ ವಿಷಯ ಆಡಿಕೊಳ್ಳುತ್ತಿದ್ದರೆ ಇವರಿಗೆ ಪುಂಡಿಯ ಸಂಕಟ. ಸಾತ್ವಿಕಾ ಮಣೆ ಎಳೆದು ಕೂತಳು, ಮೂಲೆಯಲ್ಲಿದ್ದ ಸಣ್ಣ ಚಾಕು ತೆಗೆದುಕೊಂಡಳು, ಒಂದು ಮರ್ವಾಯಿ ಎತ್ತಿಕೊಂಡಳು. ಚಿಪ್ಪಿನ ಎರಡು ತುದಿಯಲ್ಲಿ ಎರಡು ಚುಚ್ಚು, ಒಂದು ತಿರುವು. ಬಾಯಿ ತೆರೆಯಿತು. ಇನ್ನೊಂದು. ಮತ್ತೊಂದು. ನಡುವೆ ತಿರುಗಿ ಒಣ ವಾಕರಿಕೆ, ಕಣ್ಣೊರೆಸಿ ಮತ್ತೆ ಚುಚ್ಚು. ಸರಸಕ್ಕ ಒಂದು ಬಿಡಿಸುವಷ್ಟರಲ್ಲಿ ಅವಳದು ಮೂರಾಗುತ್ತಿತ್ತು.

“ಯಾರು ಕಲಿಸಿದ್ದು ಇದು?”

“ಯುನಿವರ್ಸಿಟಿ,” ಎಂದಳು ಶಾಲಿನ ಒಳಗಿಂದ. “ಗಿರಾಕಿಗಳು ಬಾಯಿಗೆ ಮರಳು ಸಿಗ್ತದೆ ಅಂತ ಹೇಳ್ತಾರಾ?”

ಸರಸಕ್ಕನ ಮುಖ ಬಿಗಿಯಿತು. “ಒಬ್ಬೊಬ್ಬರು ಹೇಳ್ತಾರೆ. ಗಂಟೆಗಟ್ಟಲೆ ನೀರಲ್ಲಿ ಹಾಕಿ ಇಟ್ರೂ ಹೋಗುವುದಿಲ್ಲ.”

“ಬಾವಿನೀರಿಗೆ ಹಾಕ್ಬಾರದು. ಉಪ್ಪುನೀರಲ್ಲಿ ಬದುಕುವ ಜಾತಿ ಇದು. ಸಪ್ಪೆ ನೀರು ಸಿಕ್ಕಿದ್ರೆ ಬಾಯಿ ಬಿಗಿದುಕೊಳ್ತದೆ, ಮರಳು ಒಳಗೇ ಉಳೀತದೆ. ನೀರಿಗೆ ಕಲ್ಲುಪ್ಪು ಹಾಕಿ ಇಡಿ. ತಾನೇ ಬಾಯಿ ಬಿಟ್ಟು ಉಗುಳ್ತದೆ.” ಇಷ್ಟು ಹೇಳುವಷ್ಟರಲ್ಲಿ ತಡೆಯಲಿಲ್ಲ. ಅವಳು ಎದ್ದು ಅದೇ ತೆಂಗಿನ ಬುಡಕ್ಕೆ ಓಡಿದಳು. ಬಂದದ್ದು ಬರೀ ನೀರು.

ಸರಸಕ್ಕ ಚೊಂಬು ಹಿಡಿದು ಹಿಂದೆಯೇ ಬಂದರು. ಅವಳು ಸುಧಾರಿಸಿಕೊಳ್ಳುವವರೆಗೆ ಬೆನ್ನು ತಿಕ್ಕಿದರು. ಆಮೇಲೆ ಸುತ್ತು ಬಳಸದೆ ಕೇಳಿದರು:

“ಹೊಟ್ಟೆಯಲ್ಲಿ ಏನಾದ್ರೂ ಉಂಟಾ ಮಗಾ?”

“ಏನೂ ಇಲ್ಲ. ಬೆಳಿಗ್ಗೆಯಿಂದ ಒಂದು ಲೋಟ ಚಾ ಸಹ ಇಲ್ಲ.”

ಸರಸಕ್ಕ ಅವಳ ಮುಖವನ್ನೇ ನೋಡಿದರು. ನಂಬಬೇಕೋ ಬೇಡವೋ ಎಂದು ಅಳೆಯುವ ನೋಟ ಅಲ್ಲ ಅದು. ಬಹಳ ಹಳೆಯದೇನೋ ಕಂಡವರ ಹಾಗಿತ್ತು.

“ನಾನು ಮದುವೆಯಾಗಿ ಬಂದ ಹೊಸತಿಗೆ ನನಗೆ ಒಣಮೀನಿನ ವಾಸನೆ ಆಗ್ತಿರ್ಲಿಲ್ಲ,” ಎಂದರು. “ಒಲೆಯ ಮೇಲೆ ಸುಟ್ಟರೆ ಸಾಕು, ಹೊರಗೆ ಓಡುವುದು. ಆವತ್ತು ಇದೇ ನಾದಿನಿ ಬೆರಳು ಮಡಚಿ ನನ್ನ ತಿಂಗಳು ಎಣಿಸಿದ್ದಳು. ಮದುವೆಯಾಗಿ ಮೂರು ವಾರ ಆಗಿತ್ತಷ್ಟೆ. ಎರಡು ವರ್ಷ ಆಡಿಕೊಂಡರು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಗಂಡನಿಗೂ ಹೇಳ್ಲಿಲ್ಲ.”

ಇಬ್ಬರೂ ಜಗಲಿಗೆ ಮರಳುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸರಸಕ್ಕನ ಕೈಯೆಲ್ಲ ಕೆಸರು, ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದರು. ಗುರುವಾಯನಕೆರೆ.

“ಅತ್ತಿಗೆ, ಆ ಬೆಳುವಾಯಿಯವಳು ನಿಮ್ಮ ಮನೆಗೆ ಬಂದಿದ್ದಾಳಂತಲ್ಲ? ಬಸ್ಸಿನಿಂದ ಇಳಿದದ್ದನ್ನು ನೋಡಿದವರಿದ್ದಾರೆ. ಚೀಟಿ ತಂದಳಾ?”

ಸಾತ್ವಿಕಾ ಕಲ್ಲಾದಳು. ಹೊಟ್ಟೆ ಮಾತ್ರ ಕಲ್ಲಾಗಲಿಲ್ಲ. ತಡೆದರೂ ಕೇಳದೆ ವಾಕರಿಕೆ ಮೇಲೆ ಬಂತು, ಜಗಲಿಯಿಡೀ ಕೇಳುವಷ್ಟು ಜೋರಾಗಿ.

“ಕೇಳಿತಾ?” ಎಂದಿತು ಫೋನು. “ನಾನು ಹೇಳ್ಲಿಲ್ವಾ!”

“ಕೇಳಿತು,” ಎಂದರು ಸರಸಕ್ಕ. “ವಾಂತಿ ಮಾಡ್ತಿದ್ದಾಳೆ. ನಾಳೆಯೂ ಮಾಡ್ತಾಳೆ, ಮದುವೆಯ ದಿನವೂ ಮಾಡ್ತಾಳೆ. ನಮ್ಮ ತೆಂಗಿನ ಬುಡಕ್ಕೆ ಮಾಡ್ತಾಳೆ, ನಿನ್ನ ಜಗಲಿಗಲ್ಲ. ಚೊಂಬು ಹಿಡೀಲಿಕ್ಕೆ ನಾನಿದ್ದೇನೆ. ಇನ್ನು ನನ್ನ ಸೊಸೆಯ ಹೊಟ್ಟೆ ನೋಡುವ ಕಣ್ಣು ಯಾರದ್ದಾದ್ರೂ ಇದ್ದರೆ ಈ ಗೇಟಿನ ಒಳಗೆ ಬರ್ಬಾರದು. ನನ್ನದನ್ನು ಎಣಿಸಿದ್ದು ಸಾಕು ನೀನು.”

ಸರಸಕ್ಕ ಮೊಣಕೈಯಿಂದಲೇ ಫೋನು ಕಟ್ ಮಾಡಿದರು.  ಮೂವತ್ತೈದು ವರ್ಷದಿಂದ ನುಂಗಿಟ್ಟಿದ್ದ ಮಾತು, ಹೊರಗೆ ಬರಲು ಇಷ್ಟು ಕಾಲ ಬೇಕಾಯಿತು.

“ನಿನ್ನ ಮಾಮನ ನಂಬರು ಕೊಡು,” ಎಂದರು ಮೂಗೇರಿಸುತ್ತ. “ಅವರ ಹತ್ರ ನಾನೇ ಮಾತಾಡ್ತೇನೆ. ಅಲ್ಲ, ಮೊದಲು ಚಾ ಕುಡಿ. ಅಲ್ಲ, ಮೊದಲು ಹೇಳು. ನಿನಗೆ ಅವನು ಬೇಕಾ?”

ಗೇಟಿನಲ್ಲಿ ಗಾಡಿ ನಿಂತ ಸದ್ದು. ಶ್ರವಣ್ ತೆಂಗಿನಕಾಯಿಯ ಗೋಣಿ ಇಳಿಸಿ ಬಂದವನು ಅವಳನ್ನು ಕಂಡು, ಅವಳ ಕೆಸರಾದ ಕೈ ಕಂಡು, ಅಮ್ಮನ ಮುಖ ಕಂಡು, ಎಂದಿನಂತೆ ನಾಲ್ಕು ಹೆಜ್ಜೆ ಆಚೆ ನಿಂತ. ಸರಸಕ್ಕ, “ಚಾ ಇಡ್ತೇನೆ,” ಎಂದು ಒಳಗೆ ಹೋದರು. ಚಾ ಎರಡು ಸಲ ಕುದಿಯುವಷ್ಟು ಹೊತ್ತು ಬರಲಿಲ್ಲ.

“ಹತ್ತಿರ ಬನ್ನಿ,” ಎಂದಳು ಸಾತ್ವಿಕಾ.

“ಬೇಡ. ಬೆಳಿಗ್ಗೆ ಗೋಣಿ ತೊಳೆದದ್ದು ನಾನೇ. ಇವತ್ತು ಸೆಂಟು ಸಹ ಇಲ್ಲ.”

“ಒಳ್ಳೇದಾಯ್ತು. ಬನ್ನಿ.”

ಅವನು ಒಂದು ಹೆಜ್ಜೆ ಇಟ್ಟ. ಅವಳು ಮೂರು ಇಟ್ಟಳು. ಮೂಗಿನ ಶಾಲು ಬಿಚ್ಚಿ ಹೆಗಲಿಗೆ ಹಾಕಿದಳು, ಅವನ ಬಲಗೈ ಹಿಡಿದಳು. ಒರಟು ಕೈ, ಚಿಪ್ಪು ಕೊಯ್ದ ಗೀರುಗಳ ಮೇಲೆ ಗೀರು. ಅದನ್ನು ತನ್ನ ಮುಖದ ಹತ್ತಿರ ತಂದು ಉಸಿರು ಪೂರ್ತಿ ಎಳೆದುಕೊಂಡಳು.

ಮರ್ವಾಯಿ. ಸುಳ್ಳು ಹೇಳುವ ಹಾಗಿಲ್ಲ, ಅಪ್ಪಟ ಮರ್ವಾಯಿ. ಹೊಟ್ಟೆಯಿಂದ ಗಂಟಲಿನವರೆಗೆ ಒಂದು ಅಲೆ ಎದ್ದಿತು. ಕಣ್ಣು ತುಂಬಿ ನೀರು ಕೆನ್ನೆಗಿಳಿಯಿತು. ಶ್ರವಣ್ ಗಾಬರಿಯಿಂದ ಕೈ ಹಿಂದೆಳೆದುಕೊಳ್ಳಲು ನೋಡಿದ.

ಅವಳು ಬಿಡಲಿಲ್ಲ.

“ಬಿಡಿ ಮಾರಾಯ್ತಿ, ಆಗುವುದಿಲ್ಲ ನಿಮಗೆ!”

“ಆಗುವುದಿಲ್ಲ,” ಎಂದಳು ಸಾತ್ವಿಕಾ, ಏದುಸಿರಿನ ನಡುವೆ. “ನನ್ನ ಮೂಗು ಬೇಡ ಹೇಳ್ತದೆ. ಹೊಟ್ಟೆ ಬೇಡ ಹೇಳ್ತದೆ. ಅವು ಹೇಳಲಿ. ನಾನು ಬೇಡ ಹೇಳುವುದಿಲ್ಲ.”

ಅವಳು ಅವನ ಕೈಯನ್ನು ಹಾಗೇ ಹಿಡಿದುಕೊಂಡು ತೆಂಗಿನ ಬುಡದ ಕಡೆಗೆ ಬಾಗಿದಳು. ಅವನು ಇನ್ನೊಂದು ಕೈಯಿಂದ ಅವಳ ಜಡೆಯನ್ನು ಹಿಂದಕ್ಕೆ ಹಿಡಿದು, ಪಕ್ಕದಲ್ಲೇ ನಿಂತ.